ಪುಟದ ಲೆಕ್ಕದ ಬದುಕು

ನಿವೃತ್ತ ಅಧಿಕಾರಿಗಳ ಆತ್ಮಕಥನ ನಮ್ಮಲ್ಲಿ ಮೊದಲು ಲೋಕಾರ್ಪಣೆಯಾಗುತ್ತದೆ; ಓದುವ ವಿಚಾರವನ್ನು ಆಮೇಲೆ ನೋಡಿಕೊಂಡರಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ನಯನ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಹತ್ತೂವರೆಗೆಂದು ಅಚ್ಚಾದ ಸಮಾರಂಭ ಉಪ್ಪಿಟ್ಟು, ಕೇಸರಿಭಾತು ಖಾಲಿಯಾದ ಮೇಲೆ ಆರಂಭವಾಗುತ್ತದೆ. ಬಣ್ಣದ ಕಾಗದ ಸುತ್ತಿ ರಿಬ್ಬನ್ ಬಿಗಿದ ಕಟ್ಟನ್ನು ಬಿಚ್ಚಲಾರದೆ ಮುಖ್ಯ ಅತಿಥಿಗಳು ಒದ್ದಾಡಿ, ಯಾರೋ ಓಡಿಹೋಗಿ ಕತ್ತರಿ ತಂದುಕೊಟ್ಟ ಬಳಿಕ, ವೇದಿಕೆಯ ಮೇಲಿರುವ ಅಷ್ಟೂ ಗಣ್ಯರು ಒಂದೊಂದು ಪ್ರತಿಯನ್ನು ಎದೆಗೆ ಹಿಡಿದು ಕ್ಯಾಮೆರಾ ನೋಡುತ್ತಾರೆ. ಆ ಸಾಲಿನಲ್ಲಿ ಒಂದಾದರೂ ತಲೆಕೆಳಗಾಗಿರಬೇಕೆಂಬುದು ಸಂಪ್ರದಾಯ. ಕೃತಿ ಪರಿಚಯ ಮಾಡಬೇಕಾದವರು, ಪುಸ್ತಕ ನಿನ್ನೆ ರಾತ್ರಿಯಷ್ಟೇ ಕೈಸೇರಿತೆಂದೂ ಅಲ್ಲಲ್ಲಿ ಕಣ್ಣಾಡಿಸಿರುವುದಾಗಿಯೂ ತಿಳಿಸಿ, ಉಳಿದ ಮುಕ್ಕಾಲು ಗಂಟೆ ಇಂದಿನ ಯುವಜನರು ಓದುವುದನ್ನೇ ಬಿಟ್ಟಿದ್ದಾರೆಂದು ಮರುಗುತ್ತಾರೆ.

ಹಾಗೆಂದು ಇಂಥ ಪುಸ್ತಕಗಳಿಗೆ ಓದುಗರೇ ಇಲ್ಲವೆನ್ನುವುದು ಅಪಪ್ರಚಾರ. ಲೇಖಕರ ಜೊತೆ ಒಂದೇ ಇಲಾಖೆಯಲ್ಲಿ ದುಡಿದವರೆಲ್ಲ ಶ್ರದ್ಧೆಯಿಂದ ಓದುತ್ತಾರೆ, ತಮ್ಮ ಹೆಸರಿದೆಯೇ ಎಂದು. ಕೊನೆಯಲ್ಲಿ ಪದಸೂಚಿ ಕೊಡುವ ದುರಭ್ಯಾಸ ನಮ್ಮ ಪ್ರಕಾಶಕರಲ್ಲಿ ಹೆಚ್ಚಿನವರಿಗೆ ಇಲ್ಲದಿರುವುದರಿಂದ ಐನೂರು ಪುಟವನ್ನೂ ಬೆರಳು ಒದ್ದೆ ಮಾಡಿಕೊಂಡು ಮಗುಚಲೇಬೇಕು. ಅಷ್ಟು ಮಾಡಿದವರಿಗೆ ಸಿಗುವುದು ‘ಆಗಿನ ಒಬ್ಬ ಪ್ರಭಾವಿ ಸಚಿವರು’, ‘ಹೆಸರು ಬೇಡ, ಒಬ್ಬ ಮೇಲಧಿಕಾರಿ’. ಲಂಚ ಕೇಳಿದವರಿಗೆ ಹೆಸರಿಲ್ಲ. ಷಷ್ಟ್ಯಬ್ದಿಗೆ ಬಂದು ಹಾರ ಹಾಕಿದವರಿಗೆ ಮಾತ್ರ ಬಿರುದು ಬಾವಲಿ ಸಮೇತ ಹೆಸರಿದೆ. ಒಂದೇ ಒಂದು ಕಡತವನ್ನೂ ತಡೆಹಿಡಿಯದ, ಒಂದೇ ಒಂದು ರೂಪಾಯಿಯನ್ನೂ ಮುಟ್ಟದ ಇಷ್ಟೊಂದು ಜನ ಸರ್ಕಾರದಲ್ಲಿದ್ದೂ ವಿಧಾನಸೌಧದಲ್ಲಿ ಕಡತಗಳು ಕೊಳೆತದ್ದು ಹೇಗೆಂಬ ರಹಸ್ಯ ಯಾವ ಆತ್ಮಕಥನದಲ್ಲೂ ಬಯಲಾಗಿಲ್ಲ.

ಪುಸ್ತಕ ಅಷ್ಟು ದಪ್ಪಗಿರುವುದಕ್ಕೂ ಆಡಳಿತಾತ್ಮಕ ಕಾರಣವಿದೆ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಪುಸ್ತಕದ ಬೆಲೆ ಪುಟಕ್ಕಿಷ್ಟು ಪೈಸೆ ಎಂಬ ಲೆಕ್ಕದಲ್ಲಿ ನಿಗದಿಯಾಗುತ್ತದೆ. ಎತ್ತುಗಳ ಬದಲು ನೊಗಕ್ಕೆ ಹೆಗಲು ಕೊಟ್ಟ ತಮ್ಮ ತಂದೆಯ ಚಿತ್ರವನ್ನು ಸಿದ್ಧಲಿಂಗಯ್ಯನವರು ‘ಊರುಕೇರಿ’ಯಲ್ಲಿ ಕೆಲವೇ ಸಾಲುಗಳಲ್ಲಿ ಬರೆದು ಮುಗಿಸಿದರು, ಪುಟದ ಲೆಕ್ಕದಲ್ಲಿ ನೋಡಿದರೆ ಶುದ್ಧ ನಷ್ಟ. ನಮ್ಮ ಅಧಿಕಾರಿಗಳು ಅಷ್ಟು ದುಂದುಗಾರರಲ್ಲ. ವರ್ಗಾವಣೆಯ ಆದೇಶಕ್ಕೆ ಒಂದು ಪುಟ, ಅದು ರದ್ದಾದ ಆದೇಶಕ್ಕೆ ಇನ್ನೊಂದು, ಬೀಳ್ಕೊಡುಗೆ ಸಮಾರಂಭದ ಆಹ್ವಾನ ಪತ್ರಿಕೆಗೆ ಮತ್ತೊಂದು ಎಂದು ಬದುಕನ್ನು ಕಾಗದ ಪತ್ರಗಳ ಸಮೇತ ಒಪ್ಪಿಸುತ್ತಾರೆ. ನಗರದ ಮನೆಯೊಡೆಯರು ಆಸ್ತಿ ತೆರಿಗೆಯ ಮೇಲೆ ಕಟ್ಟುವ ಶೇ 6ರಷ್ಟು ಗ್ರಂಥಾಲಯ ಕರದಲ್ಲಿ ಈ ಬೀಳ್ಕೊಡುಗೆಗೂ ಪಾಲಿದೆಯೆಂಬುದನ್ನು ಯಾರೂ ನೆನಪಿಸುವುದಿಲ್ಲ. ನೆನಪಿಸಿದ್ದರೆ ಪಾಪ, ಅವರೂ ಉಪ್ಪಿಟ್ಟಿಗೆ ಬರುತ್ತಿದ್ದರು.

ಬಿಡುಗಡೆಯಾದ ವಾರದೊಳಗೆ, ಹೆಸರು ಬಿಟ್ಟುಹೋದವರ ಫೋನು ಕರೆಗಳು ಆರಂಭವಾಗುತ್ತವೆ. ಹೀಗಾಗಿ ಎರಡನೆಯ ಸಂಪುಟ ಅನಿವಾರ್ಯ. ಮೊದಲನೆಯದು ನಿವೃತ್ತಿಯ ದಿನಕ್ಕೇ ಮುಗಿದಿರುವುದರಿಂದ, ಇದರಲ್ಲಿ ಮೊದಲ ಸಂಪುಟವನ್ನು ಬರೆದ ಬಗೆ, ಅದನ್ನು ಬಿಡುಗಡೆ ಮಾಡಿದವರ ಭಾಷಣಗಳು ಮತ್ತು ಒಂಬತ್ತು ಬಣ್ಣದ ಫೋಟೋಗಳು ಇರುತ್ತವೆ.