ಮನೆ ತೋರಿಸೋಕೆ ಮಕ್ಕಳನ್ನ ಎಲ್ಲಿ ಬಚ್ಚಿಡೋದು?

"ಮೇಡಂ, ಮನೆ ಕೊಳ್ಳೋ ಪಾರ್ಟಿ ಗೇಟ್ ಹತ್ರಾನೇ ಇದಾರೆ!" ಬ್ರೋಕರ್ ಫೋನ್ ಬಂದಾಗ ಮಗಳು ಹಾಲ್ ಗೋಡೆ ಮೇಲೆ ನೇರಳೆ ಕ್ರೇಯಾನ್‌ನಲ್ಲಿ ಆನೆ ಬರೀತಿದ್ದಳು. ಸೊಂಡಿಲು ಸ್ವಿಚ್‌ಬೋರ್ಡ್ ತನಕ ಹೋಗಿತ್ತು. ಪೇಂಟ್ ವಾಸನೆ ಇನ್ನೂ ಹೋಗಿಲ್ಲ ಕಣ್ರೀ!

ಮೊದಲೇ ಫೋನ್ ಮಾಡಿ ಬರೋಕೆ ಏನು ರೋಗ ಇವರಿಗೆ? 30x40 ಸೈಟು, ಕಾವೇರಿ ನೀರು. ಇ-ಖಾತೆ, ಅಂದ್ರೆ ಆಸ್ತಿಯ ಆನ್‌ಲೈನ್ ದಾಖಲೆ ಇಲ್ಲದೆ ರಿಜಿಸ್ಟ್ರೇಷನ್ ಆಗಲ್ಲ ಅಂತ ಓಡಾಡಿ ಅದನ್ನೂ ಮಾಡಿಸಿದ್ದೀವಿ, ಆಸ್ತಿ ಮೇಲೆ ಸಾಲ-ಗೀಲ ಇದೆಯಾ ಅಂತ ತೋರಿಸೋ ಇಸಿ ಪತ್ರಾನೂ ತೆಗೆಸಿದ್ದೀವಿ. ಅದ್ಯಾವುದನ್ನೂ ಕೇಳಲ್ಲ. "ಗೋಡೆ ಯಾಕೆ ಹೀಗಿದೆ?" ಅಂತಾರೆ. ಮಕ್ಕಳಿರೋ ಮನೆ ಇನ್ನು ಹೇಗಿರಬೇಕು? ಒಬ್ಬರಂತೂ ಮೊಬೈಲಲ್ಲಿ ದಿಕ್ಕು ನೋಡ್ತಾ, ಮಗು ಮಲಗಿರೋ ತೊಟ್ಟಿಲನ್ನೇ ಈಶಾನ್ಯದಿಂದ ಸರಿಸಿ ಅಂದ್ರು! ಅಲ್ಲ, ಕೊಳ್ಳೋದು ಮನೇನೋ ತೊಟ್ಟಿಲೋ?

ಮುಂದಿನ ಪಾರ್ಟಿ ಮಧ್ಯಾಹ್ನ ಎರಡಕ್ಕಂತೆ. ಸರಿಯಾಗಿ ಕೂಸು ಕಣ್ಣು ಮುಚ್ಚೋ ಹೊತ್ತಿಗೆ!