ಫಿಜಿಯ ತವರುಮನೆ ಕಾರ್ಡಿಫ್‌ನಲ್ಲಿದೆ

ಫಿಜಿ ಎಲ್ಲಿದೆ ಅಂತ ಯಾರಾದರೂ ಕೇಳಿದರೆ ಇನ್ನು ಮುಂದೆ ಪೆಸಿಫಿಕ್ ಸಾಗರ ಅನ್ನಬೇಡಿ, ತಪ್ಪಾಗುತ್ತದೆ. 2026ರ ಜುಲೈ ತಿಂಗಳ ರಗ್ಬಿ ವೇಳಾಪಟ್ಟಿ ಪ್ರಕಾರ ಫಿಜಿ ಇರುವುದು ಬ್ರಿಟನ್ನಿನಲ್ಲಿ. ಹೊಸ ನೇಷನ್ಸ್ ಚಾಂಪಿಯನ್‌ಶಿಪ್‌ನಲ್ಲಿ ಅವರಿಗೆ ಮೂರು ತವರು ಪಂದ್ಯ. ವೇಲ್ಸ್ ವಿರುದ್ಧ ಕಾರ್ಡಿಫ್‌ನಲ್ಲಿ, ಇಂಗ್ಲೆಂಡ್ ವಿರುದ್ಧ ಲಿವರ್‌ಪೂಲ್‌ನಲ್ಲಿ, ಸ್ಕಾಟ್ಲೆಂಡ್ ವಿರುದ್ಧ ಎಡಿನ್‌ಬರೋದ ಮರ್ರೇಫೀಲ್ಡ್‌ನಲ್ಲಿ. ಅಚ್ಚಿನ ತಪ್ಪಿರಬೇಕು ಅಂತ ಎರಡು ಸಲ ಓದಿದೆ. ಅಲ್ಲ, ಸರಿಯಾಗೇ ಇದೆ.

ಫಿಜಿಯ ರಾಜಧಾನಿ ಸುವಾದಿಂದ ಕಾರ್ಡಿಫ್‌ಗೆ ಸುಮಾರು 16,000 ಕಿಲೋಮೀಟರ್. "ಇವತ್ತಿಂದ ಅತ್ತೆ ಮನೆನೇ ನಿನ್ನ ತವರು ಕಣಮ್ಮ" ಅಂತ ಮದುಮಗಳ ತಲೆ ಸವರಿ ಕಳಿಸುವ ಹಿರಿಯರು ನಮ್ಮಲ್ಲೂ ಇದ್ದಾರಲ್ಲ, ಅವರೇ ಯಾರೋ ಈ ವೇಳಾಪಟ್ಟಿ ಮಾಡಿದ ಸಮಿತಿಯಲ್ಲಿ ಕೂತಿರಬೇಕು.

ಕಾರಣ ಏನು ಅಂತ ಕೇಳುವುದೇ ಬೇಡ. ದುಡ್ಡು. ರಗ್ಬಿಯಲ್ಲಿ ಬಹಳ ಕಾಲದ ಪದ್ಧತಿ ಒಂದಿದೆ. ಟಿಕೆಟ್ ಮಾರಿದ ದುಡ್ಡೆಲ್ಲ ಆತಿಥೇಯರ ಜೇಬಿಗೆ. ಬಂದವರಿಗೆ ಹೋಗಿಬರುವ ಖರ್ಚು, ಊಟ, ವಸತಿ, ನಮಸ್ಕಾರ. ದ್ವೀಪದವರು ಲಂಡನ್ನಿನ 82,000 ಸೀಟಿನ ಟ್ವಿಕೆನ್‌ಹ್ಯಾಮ್ ತುಂಬಿಸಿ ಬರಿಗೈಲಿ ಮನೆಗೆ ಹೋಗುತ್ತಿದ್ದರು. ಇದು ಅನ್ಯಾಯ ಅಂತ ವರ್ಷಾನುಗಟ್ಟಲೆ ಗೋಗರೆದ ಮೇಲೆ ಈಗ ಪರಿಹಾರ ಸಿಕ್ಕಿದೆ: ಸರಿ, ನೀವೇ ಆತಿಥೇಯರಾಗಿ, ಆದರೆ ನಮ್ಮ ಮನೆಯಲ್ಲಿ. ಈ ತಲೆ ಓಡಿಸಿದ ಪುಣ್ಯಾತ್ಮನಿಗೆ ನನ್ನದೊಂದು ಉದ್ದಂಡ ನಮಸ್ಕಾರ.

ಸ್ಕಾಟ್ಲೆಂಡ್‌ನವರಿಗಂತೂ ಹಾಲು ಕುಡಿದಷ್ಟು ಸಂತೋಷ ಆಗಿರಬೇಕು. ಪಾಪ, ಅವರಿಗೆ ಸುವಾದ ಹವೆ ಒಗ್ಗುವುದಿಲ್ಲ. 2017ರಲ್ಲಿ ಅಲ್ಲಿಗೆ ಹೋಗಿ 27-22ರಲ್ಲಿ ಸೋತರು. 2025ರಲ್ಲಿ ಮತ್ತೆ ಹೋಗಿ 29-14ರಲ್ಲಿ ಇನ್ನೂ ಚೆನ್ನಾಗಿ ಸೋತರು. 2026ರಲ್ಲಿ ಅದೇ ಫಿಜಿಯ ತವರಿಗೆ ಹೊರಡಬೇಕು, ಆದರೆ ಪಾಸ್‌ಪೋರ್ಟ್ ಬೇಡ. ಟ್ರಾಮ್ ಹತ್ತಿದರೆ ಸಾಕು.

ಒಂದು ಮಾತು ಒಪ್ಪಿಕೊಳ್ಳಬೇಕು. ದ್ವೀಪದ ಜನರಿಗೆ ಇನ್ನೊಬ್ಬರ ಅನುಕೂಲಕ್ಕೆ ಹೊಂದಿಕೊಂಡು ಅಭ್ಯಾಸ ಇದೆ. ಪಕ್ಕದ ಸಮೋವಾವನ್ನೇ ನೋಡಿ. 2009ರ ಸೆಪ್ಟೆಂಬರ್‌ನಲ್ಲಿ ಇಡೀ ದೇಶ ರಸ್ತೆಯ ಬಲಗಡೆ ಬಿಟ್ಟು ಎಡಗಡೆ ಗಾಡಿ ಓಡಿಸಲು ಶುರು ಮಾಡಿತು, ಯಾಕಂದ್ರೆ ನ್ಯೂಜಿಲೆಂಡ್, ಆಸ್ಟ್ರೇಲಿಯಾದ ಹಳೇ ಕಾರು ಅಗ್ಗಕ್ಕೆ ಸಿಗುತ್ತದೆ ಅಂತ. ಅದೂ ಸಾಲದೆ ಆ ಎರಡು ದೇಶಗಳ ಜೊತೆ ವ್ಯಾಪಾರಕ್ಕೆ ಸುಲಭವಾಗಲಿ ಅಂತ 2011ರಲ್ಲಿ ದಿನಾಂಕ ರೇಖೆಯ ಆಚೆಗೆ ಜಿಗಿಯಿತು. ಡಿಸೆಂಬರ್ 29ರ ಗುರುವಾರ ಮಲಗಿದವರು ಎದ್ದಾಗ 31, ಶನಿವಾರ. ನಡುವಿನ ಶುಕ್ರವಾರ ಕ್ಯಾಲೆಂಡರಿನಿಂದಲೇ ಮಾಯ. ನನಗೆ ಆಗಿನಿಂದಲೂ ಒಂದೇ ಚಿಂತೆ. ಆ ಶುಕ್ರವಾರ ಹುಟ್ಟುಹಬ್ಬ ಇದ್ದ ಮಗುವಿಗೆ ಅಪ್ಪ ಅಮ್ಮ ಏನು ಹೇಳಿರಬಹುದು? ನಮ್ಮಲ್ಲಾಗಿದ್ದರೆ ಪಂಚಾಂಗದವರು ಹೈಕೋರ್ಟಿಗೆ ಹೋಗುತ್ತಿದ್ದರು. ಶನಿವಾರದ ಒಪ್ಪೊತ್ತು ಮಾಡುವ ಅಜ್ಜಿಯಂದಿರನ್ನು ಸಮಾಧಾನ ಮಾಡುವಷ್ಟರಲ್ಲಿ ಸರ್ಕಾರ ಬಿದ್ದಿರುತ್ತಿತ್ತು.

ಇಷ್ಟೆಲ್ಲ ಸರಿಹೊಂದಿಸಿಕೊಂಡ ಸಮೋವಾಕ್ಕೆ ನ್ಯೂಜಿಲೆಂಡಿನ ರಗ್ಬಿ ತಂಡ ಆಲ್ ಬ್ಲ್ಯಾಕ್ಸ್ ಮೊದಲ ಸಲ ಟೆಸ್ಟ್ ಆಡಲು ಬಂದಿದ್ದು ಯಾವಾಗ ಗೊತ್ತಾ? 2015ರಲ್ಲಿ. ಆಕ್ಲೆಂಡಿನಿಂದ ಸಮೋವಾದ ರಾಜಧಾನಿ ಆಪಿಯಾಕ್ಕೆ ವಿಮಾನದಲ್ಲಿ ನಾಲ್ಕು ಗಂಟೆ ಚಿಲ್ಲರೆ. ನ್ಯೂಜಿಲೆಂಡಿನವರಿಗೆ ಆ ದೇಶವನ್ನು 1914ರಿಂದ 1962ರವರೆಗೆ ಆಳಲು ದಾರಿ ಸಿಕ್ಕಿತ್ತು. ಅಲ್ಲಿ ಹುಟ್ಟಿದ ಹುಡುಗರನ್ನು ಕಪ್ಪು ಜೆರ್ಸಿಗೆ ಹಾಕಿಕೊಳ್ಳಲೂ ಸಿಕ್ಕಿತ್ತು. ಆಡಲು ಹೋಗೋಣ ಅಂದಾಗ ಮಾತ್ರ ಭೂಪಟ ಕಾಣೆ.

ನಾನು ಕೆಲಸದ ಮೇಲೆ ಎರಡು ವರ್ಷ ಸುವಾದಲ್ಲಿದ್ದೆ. ರಗ್ಬಿ ಹುಚ್ಚು ಹತ್ತಿದ್ದು ಅಲ್ಲೇ. ಪಕ್ಕದ ಮನೆಯಲ್ಲಿ ನಿವೃತ್ತ ಬಸ್ ಡ್ರೈವರ್ ಒಬ್ಬರಿದ್ದರು, ಮದ್ರಾಸಿನಿಂದ ಗಿರ್ಮಿಟ್ ಮೇಲೆ ಹಡಗು ಹತ್ತಿ ಬಂದವರ ಮರಿಮಗ. ನಮ್ಮ ಹುಬ್ಬಳ್ಳಿಯ ಮಂಡಕ್ಕಿ ಗಿರ್ಮಿಟ್ ಅಲ್ಲ ಸ್ವಾಮಿ. ಕಬ್ಬಿನ ಗದ್ದೆ ಕೂಲಿಯ ಅಗ್ರಿಮೆಂಟ್ ಅನ್ನುವುದು ಜನರ ಬಾಯಲ್ಲಿ ಗಿರ್ಮಿಟ್ ಆಗಿತ್ತು. ಅಲ್ಲಿನ ಭಾರತೀಯರಿಗೆ ಫುಟ್‌ಬಾಲೇ ಜಾಸ್ತಿ ಇಷ್ಟ, ಆದರೆ ಫಿಜಿ ರಗ್ಬಿ ಆಡುವ ದಿನ ಅಂಕಲ್ ಬೆಳಿಗ್ಗೆಯಿಂದಲೇ ಅಂಗಳದಲ್ಲಿ ಚಾಪೆ ಹಾಸುತ್ತಿದ್ದರು. ನಡುವೆ ಮರದ ಬೋಗುಣಿ, ಅದರಲ್ಲಿ ಕಾವಾ ಅನ್ನುವ ಬೇರಿನ ಪಾನೀಯ. ಕೆಸರು ಕದಡಿದ ನೀರಿನ ಬಣ್ಣ, ರುಚಿಯೂ ಹೆಚ್ಚು ಕಮ್ಮಿ ಅದೇ. ತೆಂಗಿನ ಚಿಪ್ಪಿನಲ್ಲಿ ಕೊಡುತ್ತಾರೆ. ಒಂದು ಚಪ್ಪಾಳೆ ತಟ್ಟಿ, "ಬೂಲಾ" ಅಂದು ಒಂದೇ ಗುಟುಕಿಗೆ ಇಳಿಸಬೇಕು. ಮೂರನೇ ಚಿಪ್ಪಿಗೆ ನಾಲಿಗೆ ಮರಗಟ್ಟುತ್ತದೆ, ಐದನೆಯದಕ್ಕೆ ರೆಫ್ರಿಯ ಮೇಲಿನ ಸಿಟ್ಟೂ ಹೋಗುತ್ತದೆ. ಆಚೆ ಬೀದಿಯಲ್ಲಿ ಹುಡುಗರು ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಹುಲ್ಲು ತುರುಕಿ, ಅದನ್ನೇ ಚೆಂಡು ಮಾಡಿಕೊಂಡು ಮಳೆಯಲ್ಲಿ ಬರಿಗಾಲಲ್ಲಿ ಓಡುತ್ತಿದ್ದರು. ಸುವಾದಲ್ಲಿ ಮಳೆ ನಿಲ್ಲಲಿ ಅಂತ ಕಾದರೆ ಯಾರೂ ಏನೂ ಆಡುವ ಹಾಗಿಲ್ಲ.

ಇದೇ ಹುಡುಗರನ್ನು ನೋಡಿ ಟಿವಿಯ ಕಾಮೆಂಟರಿಯವರು ಕಣ್ಣೀರು ಹಾಕುತ್ತಾರೆ. ಅಬ್ಬಾ ಏನು ಸಹಜ ಪ್ರತಿಭೆ, ಏನು ನಗು, ಏನು ಆಟದ ಖುಷಿ! 2016ರ ರಿಯೊ ಒಲಿಂಪಿಕ್ಸ್‌ನ ಸೆವೆನ್ಸ್ ಫೈನಲ್‌ನಲ್ಲಿ ಫಿಜಿ ಗ್ರೇಟ್ ಬ್ರಿಟನ್ನನ್ನು 43-7ರಲ್ಲಿ ಉಜ್ಜಿ ಹಾಕಿದಾಗಲೂ ಇದೇ ಸಹಜ ಪ್ರತಿಭೆಯ ರಾಗ. ಸಿಂಗಾಟೋಕಾದ ಮರಳ ದಿಬ್ಬ ಹತ್ತಿ ಹತ್ತಿ ವಾಂತಿ ಮಾಡಿಕೊಳ್ಳುವ ತನಕ ಓಡಿದ್ದು ಯಾವ ಲೆಕ್ಕಕ್ಕೂ ಬರಲಿಲ್ಲ. ದೇಶದ ಮೊದಲ ಒಲಿಂಪಿಕ್ ಪದಕ ಅದು, ಅದೂ ಚಿನ್ನ. ಏಳು ಜನರ ಆಟ ಅಂತ ಸರ್ಕಾರ ಏಳು ಡಾಲರಿನ ನೋಟನ್ನೇ ಅಚ್ಚು ಹಾಕಿಸಿತು. ಚಿಲ್ಲರೆ ಕೊಡುವ ಅಂಗಡಿಯವನ ಕಷ್ಟ ಯಾರಿಗೂ ಬೇಡ, ಬಿಡಿ.

ನೋಟಿನ ಮಾತು ಬಂತಲ್ಲ. 2017ರ ನವೆಂಬರ್‌ನಲ್ಲಿ ಇಂಗ್ಲೆಂಡ್ ಮತ್ತು ಸಮೋವಾ ಟ್ವಿಕೆನ್‌ಹ್ಯಾಮ್‌ನಲ್ಲಿ ಆಡಿದವು. ಸಮೋವಾದ ರಗ್ಬಿ ಯೂನಿಯನ್ ದಿವಾಳಿ ಎದ್ದಿದೆ ಅಂತ ಅದರ ಅಧ್ಯಕ್ಷರೇ ಸಾರಿದ್ದರು. ಆ ಅಧ್ಯಕ್ಷರೇ ಆಗ ದೇಶದ ಪ್ರಧಾನಿ. ಹಾಗಾಗಿ ದ್ವೀಪದವರೆಲ್ಲ ಸಾಚಾ ಅಂತ ನಾನೇನೂ ಹೇಳುತ್ತಿಲ್ಲ, ಅಲ್ಲಿನ ಆಡಳಿತದ ಕಥೆಗೆ ಇನ್ನೊಂದು ಅಂಕಣ ಬೇಕು. ಆದರೆ ಆ ದಿನ ಇಂಗ್ಲೆಂಡಿನ ಒಬ್ಬ ಆಟಗಾರನಿಗೆ ಸಿಕ್ಕಿದ್ದು ಸುಮಾರು 22,000 ಪೌಂಡ್. ಸಮೋವಾದವನಿಗೆ ಸುಮಾರು 650. ಅದೇ ಮೈದಾನ, ಅದೇ 80 ನಿಮಿಷ. ಟಿಕೆಟ್ ದುಡ್ಡಲ್ಲಿ ಪಾಲು ಕೊಡಿ ಅಂದರೆ ಇಂಗ್ಲೆಂಡಿನವರು ಆಗಲ್ಲ ಅಂದರು. ಒಳ್ಳೆಯ ಮನಸ್ಸಿನಿಂದ ಅಂತ 75,000 ಪೌಂಡ್ ಕೊಟ್ಟರು. ಆಟ ಮುಗಿದ ಮೇಲೆ ಎರಡೂ ತಂಡದವರು ಮೈದಾನದಲ್ಲಿ ಸುತ್ತ ಮಂಡಿಯೂರಿ ಪ್ರಾರ್ಥನೆ ಮಾಡಿದರು, ಆ ಫೋಟೋ ನೋಡಿ ಎಲ್ಲರ ಮನಸ್ಸೂ ತುಂಬಿ ಬಂತು. ನನಗೆ ಬರಲಿಲ್ಲ. ಆ ಫೋಟೋ ನೋಡಿದಾಗಲೆಲ್ಲ ಸುಸ್ತಾಗುತ್ತದೆ. 650 ಪೌಂಡಿಗೆ ಭುಜ ಮುರಿದುಕೊಂಡರೆ ಆಸ್ಪತ್ರೆ ಖರ್ಚು ಯಾರು ಕೊಡುತ್ತಾರೆ ಅಂತ ಒಬ್ಬ ಕಾಮೆಂಟರಿಯವನೂ ಕೇಳಲಿಲ್ಲ. ಇದನ್ನು ತಮಾಷೆ ಮಾಡಿ ಬರೆಯೋಣ ಅಂತ ಕೂತೆ, ಆಗುತ್ತಿಲ್ಲ.

ಹೋಗಲಿ. ವೇಳಾಪಟ್ಟಿ ನೋಡಿದ ದಿನ ಅಂಕಲ್‌ಗೆ ಫೋನ್ ಮಾಡಿದೆ. ಕಾರ್ಡಿಫ್‌ನಲ್ಲಿ ಮಧ್ಯಾಹ್ನ 3 ಗಂಟೆ ಆದಾಗ ಬೆಂಗಳೂರಿನಲ್ಲಿ ಸಂಜೆ 7.30. ಸಾರನ್ನ ಕಲಸಿಕೊಂಡು ಟಿವಿ ಮುಂದೆ ಆರಾಮಾಗಿ ಕೂರಬಹುದು. ಸುವಾದಲ್ಲಿ ಆಗ ರಾತ್ರಿ 2 ಗಂಟೆ.

"ನಮ್ಮ ತವರು ಪಂದ್ಯ, ನಮಗೇ ಅಲಾರಾಂ ಬೇಕು" ಅಂದರು ಅಂಕಲ್. ಬೇಜಾರಾಯ್ತಾ ಅಂತ ಕೇಳಿದೆ. "ಸೆಂಗಾ ನಾ ಲೆಂಗಾ" ಅಂದರು. ಏನೂ ತೊಂದರೆ ಇಲ್ಲ ಅಂತ ಅರ್ಥ. ಆ ಊರಲ್ಲಿ ಬಸ್ ಕೆಟ್ಟು ನಿಂತರೂ ಇದನ್ನೇ ಅನ್ನುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾರ್ಡಿಫ್‌ನಲ್ಲಿ ಅಂಗಳ ಇರುತ್ತಾ, ಚಾಪೆ ಹಾಸಬಹುದಾ ಅಂತ ಕೇಳಿದರು.