ಪಾರ್ಕಿನಲ್ಲಿ ಕಟ್ಟುವ ಮುಂಚೆ ಬೇರು ನೋಡಿ

ಪಾರ್ಕಿನೊಳಗೆ ಹೊಸ ಕಟ್ಟಡ ಬರುತ್ತದೆ ಅಂದ ಕೂಡಲೇ ಒಂದು ಚೆಂದದ ಚಿತ್ರ ತೋರಿಸುತ್ತಾರೆ. ಚಾವಣಿ ಮೇಲೆ ಸೋಲಾರ್ ಪ್ಯಾನೆಲ್, ಗೋಡೆ ಮೇಲೆ ಬಳ್ಳಿ. ಸೋಲಾರ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಮೊದಲು ಕೇಳೋದು ಬೇರೆ: ಪಾಯ ಎಲ್ಲಿ ತೆಗೆಯುತ್ತೀರಿ? ಅಲ್ಲಿ ಯಾವ ಮರದ ಬೇರಿದೆ?

ಮರದ ಬೇರೆಲ್ಲ ಆಳಕ್ಕೆ ಇಳಿದಿರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನೀರು ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ. ಕೊಂಬೆಗಳ ನೆರಳನ್ನೂ ದಾಟಿ ಹರಡಿರುತ್ತವೆ. ಪೈಪ್ ಹಾಕೋಕೆ ಅಂತ ಬುಡದ ಹತ್ತಿರ ಒಂದು ಕಾಲುವೆ ತೋಡಿದರೆ ಆ ಕಡೆಯ ಬೇರೆಲ್ಲ ಕತ್ತರಿಸಿ ಹೋಗುತ್ತದೆ. ಜಲ್ಲಿ ರಾಶಿ ಹಾಕಿ, ಲಾರಿ ಓಡಾಡಿಸಿದರೆ ಮಣ್ಣು ಗಟ್ಟಿಯಾಗಿ ಗಾಳಿ, ನೀರು ಒಳಗೆ ಇಳಿಯುವುದಿಲ್ಲ. ಮರ ಅವತ್ತೇ ಸಾಯುವುದಿಲ್ಲ. ಉದ್ಘಾಟನೆಯೆಲ್ಲ ಮುಗಿದು ಎಷ್ಟೋ ದಿನ ಆದ ಮೇಲೆ ತುದಿಕೊಂಬೆಗಳು ಒಣಗೋಕೆ ಶುರುವಾಗುತ್ತವೆ. ರೋಗ ಅಂತ ಕಡಿಯುತ್ತಾರೆ, ಕಾರಣ ಯಾರೂ ಕೇಳುವುದಿಲ್ಲ. ನನಗೆ ಜಾಸ್ತಿ ಸಂಕಟ ಆಗೋದು ಇದಕ್ಕೇ.

ಬೇರೆ ದಾರಿ ಇದೆ. ಉದ್ದಕ್ಕೂ ಪಾಯ ಅಗೆಯುವ ಬದಲು ಸ್ಕ್ರೂ ಪೈಲ್ ಹಾಕಬಹುದು. ಉಕ್ಕಿನ ಕಂಬವನ್ನು ತಿರುಗಿಸುತ್ತಾ ನೆಲಕ್ಕೆ ಇಳಿಸುವುದು, ಅಷ್ಟೇ. ದಪ್ಪ ಬೇರು ಅಡ್ಡ ಬಂದರೆ ಕಂಬವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರಾಯಿತು. ಕಟ್ಟಡ ನೆಲದಿಂದ ಮೇಲೆ ನಿಲ್ಲುತ್ತದೆ, ಅಡಿಯ ಮಣ್ಣು ಉಸಿರಾಡುತ್ತದೆ. ಕಾಂಕ್ರೀಟೂ ಉಳಿಯಿತು. ಜಗತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ. 8ರಷ್ಟು ಸಿಮೆಂಟಿನದು, ಗೊತ್ತಲ್ವಾ?

ಇನ್ನು ಮಳೆನೀರು. 100 ಚದರ ಮೀಟರ್ ಚಾವಣಿ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ 2,000 ಲೀಟರ್. ಸ್ವಲ್ಪ ಸೋರಿ ಹೋದರೂ ಶೌಚಾಲಯಕ್ಕೆ, ಗಿಡಗಳಿಗೆ ಆಗುತ್ತದೆ. ಅದನ್ನು ಸುಮ್ನೆ ಚರಂಡಿಗೆ ಬಿಡಬಾರದು. ಮತ್ತೆ, ದಯವಿಟ್ಟು ಗಾಜಿನ ಗೋಡೆ ಬೇಡ. ಅದರಲ್ಲಿ ಕಾಣುವ ಮರವನ್ನು ನಿಜವಾದ ಮರ ಅಂದುಕೊಂಡು ಹಕ್ಕಿ ಬಂದು ಬಡಿದು ಸಾಯುತ್ತದೆ. ಗಾಜು ಬೇಕೇ ಬೇಕು ಅಂದರೆ ಹೊರಮೈಗೆ 5 ಸೆಂಟಿಮೀಟರ್‌ಗೊಂದರಂತೆ ಚುಕ್ಕಿ ಇರಲಿ.

ಅಮೆರಿಕದ ಪಿಟ್ಸ್‌ಬರ್ಗ್‌ನ ಶೆನ್ಲಿ ಪಾರ್ಕಿನಲ್ಲಿ ಫಿಪ್ಸ್ ಸಸ್ಯೋದ್ಯಾನದವರು 2012ರಲ್ಲಿ ಒಂದು ಕಟ್ಟಡ ತೆರೆದರು. ವರ್ಷಕ್ಕೆ ಬೇಕಾದ ವಿದ್ಯುತ್ತನ್ನು ಅಲ್ಲೇ ತಯಾರಿಸುತ್ತದೆ, ಕೊಳೆನೀರನ್ನೂ ಅಲ್ಲೇ ಶುದ್ಧ ಮಾಡುತ್ತದೆ. ಎಲ್ಲರೂ ಹೊಗಳುವುದು ಇದನ್ನೇ. ನನಗೆ ಹೆಚ್ಚು ಹಿಡಿಸಿದ್ದು ಅವರು ಆರಿಸಿದ ಜಾಗ. ಹುಲ್ಲು, ಮರ ಇದ್ದ ಕಡೆ ಅಲ್ಲ, ಮೊದಲೇ ಕೆಟ್ಟುಹೋಗಿದ್ದ ನೆಲದ ಮೇಲೆ ಕಟ್ಟಿದರು. ಪ್ರತಿ ಪಾರ್ಕಿನಲ್ಲೂ ಇಂಥ ಒಂದು ಮೂಲೆ ಇದ್ದೇ ಇರುತ್ತದೆ: ಹಳೇ ಶೆಡ್ಡು, ಸಿಮೆಂಟ್ ಹಾಕಿದ ಅಂಗಳ. ಮೊದಲು ಅದನ್ನು ಹುಡುಕಲಿ.

ಮರದ ಹತ್ತಿರವೇ ಕಟ್ಟಬೇಕಾಗಿ ಬಂದರೆ ಬ್ರಿಟನ್ನಿನ ಬಿಎಸ್ 5837 ಮಾನದಂಡದಲ್ಲಿ ಸುಲಭದ ಲೆಕ್ಕವಿದೆ. ಕಾಂಡದ ಅಡ್ಡಳತೆಯ 12 ಪಟ್ಟು ದೂರದವರೆಗೆ ಬೇರಿನ ಜಾಗ ಅಂತ ಬಿಡಬೇಕು. ಕಾಂಡ 50 ಸೆಂಟಿಮೀಟರ್ ಇದ್ದರೆ ಸುತ್ತಲೂ 6 ಮೀಟರ್. ಜೆಸಿಬಿ ಗೇಟಿನೊಳಗೆ ಬರುವ ಮುಂಚೆ ಅಲ್ಲಿ ಬೇಲಿ ನಿಂತಿರಬೇಕು. ಪ್ಲಾನ್ ಜನರ ಮುಂದೆ ಇಟ್ಟಾಗ ನಾವು ಕೇಳಬೇಕಾದ್ದು ಆ ಬೇಲಿಯ ಗೆರೆ ಎಲ್ಲಿದೆ ಅಂತ.